ಹಾಳೆ ತಿರುಗಿಸಿದ ಬೀದಿ

ಕೊಟ್ಟರೆ ಹಿಂದಿರುಗಿ ಬರುತ್ತವೆಯೇ? ಕೊಡದಿದ್ದರೆ ಉಳಿಯುತ್ತವೆಯೇ? ಆರ್.ಟಿ. ನಗರದ ನಮ್ಮ ಬೀದಿಯ ವಾಚನಾಲಯದೊಳಗೆ, ಕೆಸರುನೀರಿನಲ್ಲಿ ನಿಂತು, ನೆನೆದ ಪುಸ್ತಕಗಳ ರಾಶಿಯನ್ನು ನೋಡುತ್ತ ಶ್ರೀ ರಾಮಕೃಷ್ಣಪ್ಪನವರು ಕೇಳಿಕೊಂಡದ್ದು ಇದನ್ನೇ. ಮುಂದೊಂದು ದಿನ ಅವರೇ ನನಗಿದನ್ನು ಹೇಳಿದರು.

ಉತ್ತರ ಬೆಂಗಳೂರಿನ ಸಣ್ಣ ವಾಚನಾಲಯಗಳ ನಡುವೆ ನಮ್ಮದಕ್ಕೊಂದು ಹೆಸರಿದ್ದರೆ ಅದು ಈ ಗ್ರಂಥಪಾಲಕರಿಂದ. ಯೌವನದಲ್ಲಿ ಸೇವೆಗೆ ಸೇರಿ, ಈಗ ನಿವೃತ್ತರಾಗುತ್ತಿರುವ ಅವರು, ಪರೀಕ್ಷೆಗೆ ಓದುವವರಿಗೆ ಕಿಟಕಿ ಪಕ್ಕದ ತಮ್ಮ ಮೇಜನ್ನು ಬಿಟ್ಟುಕೊಟ್ಟು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಪದವಿ ಮುಗಿಸಿ ಕೆಲಸವಿಲ್ಲದೆ ನಾನು ಅಲ್ಲಿ ಕಳೆದ ತಿಂಗಳುಗಳಲ್ಲಿ, ಮುಂದೇನು ಎಂದು ನನ್ನನ್ನು ಕೇಳದಿದ್ದವರು ಅವರೊಬ್ಬರೇ. ಆ ಮೌನಕ್ಕೆ ನಾನು ಋಣಿ.

ಆ ವರ್ಷದ ಮಳೆಗೆ ರಾಜಕಾಲುವೆ ಉಕ್ಕಿ ಕೆಳಗಿನ ಕಪಾಟುಗಳೆಲ್ಲ ಮುಳುಗಿದವು. ವಾಚನಾಲಯ ಸಮಿತಿಯ ಕಾರ್ಯದರ್ಶಿ ನಂದಕುಮಾರ್ ಬಂದು ನೋಡಿದವರೇ, "ಎಲ್ಲಾ ಗುಜರಿಗೆ ಹಾಕ್ಬಿಡಿ ಸಾರ್. ಇನ್ನು ಬೀಗ ಹಾಕೋದೇ ವಾಸಿ" ಎಂದರು. ರಾಮಕೃಷ್ಣಪ್ಪನವರು ಒಂದು ವಾರದ ಅವಕಾಶ ಬೇಡಿದರು. ಮರುದಿನ ಬಿಸಿಲು ಬಂತು. ಆದರೆ ಒಣಗಿಸಲು ಜಾಗವಿದ್ದದ್ದು ನೆರೆಹೊರೆಯ ತಾರಸಿಗಳಲ್ಲಿ ಮಾತ್ರ. ಸದಸ್ಯರೇ ಎಂದು ಕೇಳದೆ, ಹೆಸರು ಬರೆದುಕೊಳ್ಳದೆ, ಬಂದವರಿಗೆಲ್ಲ ಅವರು ತೋಳು ತುಂಬ ಪುಸ್ತಕ ಕೊಟ್ಟು ಕಳಿಸಿದರು. ಷರತ್ತು ಒಂದೇ: "ಹಾಳೆ ತಿರುಗಿಸ್ತಾ ಇರ್ಬೇಕು ಕಣ್ರಮ್ಮ. ಅಂಟ್ಕೊಂಡ್ರೆ ಮುಗೀತು."

ತಾರಸಿಗಳ ಮೇಲೆ ನೆನೆದ ಹಾಸಿಗೆಗಳ ಪಕ್ಕದಲ್ಲಿ ಕಾದಂಬರಿಗಳು ಒಣಗಿದವು. ಇಸ್ತ್ರಿ ಅಂಗಡಿಯ ದಸ್ತಗೀರ್ ಸಾಹೇಬರು ಉತ್ಸಾಹದಲ್ಲಿ ನಿಘಂಟಿನ ಮೇಲೆ ನೇರವಾಗಿ ಇಸ್ತ್ರಿಪೆಟ್ಟಿಗೆ ಒತ್ತಿ, ದೊಡ್ಡ ಕಂದು ಗುರುತು ಮೂಡಿಸಿಬಿಟ್ಟರು. ಹೂ ಮಾರುವ ನೀಲಕ್ಕ ಸುಮ್ಮನಿರುವವರಲ್ಲ.

"ಏನ್ ಭಾಯ್, ಅದಕ್ಕೂ ಗೆರೆ ಕೂರಿಸ್ತಿದ್ದೀಯಾ?"

"ಸೀಲು ಅಕ್ಕಾ, ಸೀಲು! ಲೈಬ್ರರಿ ಮೇಲೆ ನಮ್ದೂ ಒಂದ್ ಇರ್ಲಿ."

ಹಾಳೆ ತಿರುಗಿಸುವವರ ಕಣ್ಣು ಹಾಳೆಯ ಮೇಲೆ ಬೀಳದಿರುತ್ತದೆಯೇ? ವಾರ ಮುಗಿದಾಗ ನೀಲಕ್ಕ ಒಂದು ಕಾದಂಬರಿ ಹಿಡಿದು ಬಂದು ಬಾಗಿಲಲ್ಲೇ ಜಗಳ ತೆಗೆದರು: "ಕೊನೇ ಹಾಳೆಗಳೇ ಇಲ್ವಲ್ಲ ಸಾರ್! ಆ ಹುಡ್ಗಿ ಮದ್ವೆ ಆದ್ಲಾ, ಇಲ್ವಾ?" ವಾಪಸ್ ಬಂದ ಪುಸ್ತಕಗಳ ಲೆಕ್ಕ ನೋಡಲು ಬಂದಿದ್ದ ನಂದಕುಮಾರ್ ನಕ್ಕುಬಿಟ್ಟರು. ಬೀಗದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

"ನೀರು ಬಂದಿದ್ದು ಒಳ್ಳೇದಾಯ್ತು ಅಂತ ನಾನ್ ಹೇಳಲ್ಲ," ಎಂದರು ರಾಮಕೃಷ್ಣಪ್ಪನವರು ನನ್ನೊಡನೆ. "ಇಷ್ಟು ವರ್ಷ ಬಾಗಿಲು ತೆಕ್ಕೊಂಡು ಕೂತಿದ್ರೂ ಬಾರದೇ ಇದ್ದವರು ಬಂದ್ರಲ್ಲ, ಅದು ಸಾಕು ನಂಗೆ."

ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಕುಬ್ರಾ ಅವರ ಮನೆಗೆ ಹೋಗಿದ್ದ, ಹಕ್ಕಿಗಳ ಚಿತ್ರಗಳಿದ್ದ ಪುಸ್ತಕವೊಂದು ಮಾತ್ರ ಬರಲಿಲ್ಲ. ಮುಂದಿನ ರಂಜಾನ್ ಹಬ್ಬಕ್ಕೆ ನಾನೂ ರಾಮಕೃಷ್ಣಪ್ಪನವರೂ ಅವರ ಮನೆಗೆ ಶೀರ್ ಖುರ್ಮಾ ಪಾಯಸ ತಿನ್ನಲು ಹೋದಾಗ ಅದು ಹೊಲಿಗೆ ಮೆಷಿನ್ ಪಕ್ಕದಲ್ಲಿತ್ತು. ಉಬ್ಬಿದ ಹಾಳೆಗಳ ನಡುವೆ ಗುರುತಿಗಿಟ್ಟ ಬಟ್ಟೆಯ ಚೂರು.

"ಅಕ್ಷರ ಕೂಡಿಸ್ಕೊಂಡು ದಿನಾ ಒಂದೊಂದು ಹಕ್ಕಿ ಓದ್ತೀನಿ ಸಾರ್," ಎಂದರು ಕುಬ್ರಾ.

"ಇವತ್ತು ಯಾವ್ದಮ್ಮ?" ಎಂದಷ್ಟೇ ಕೇಳಿದರು ನಮ್ಮ ಗ್ರಂಥಪಾಲಕರು.

ಕೆಲವು ದಿನಗಳ ಬಳಿಕ ವಾಚನಾಲಯದ ಕಪಾಟಿನಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ಕಂಡಿತು. ಮೊದಲ ಪುಟದಲ್ಲಿ ರಾಮಕೃಷ್ಣಪ್ಪನವರದೇ ಹಳೆಯ ಸಹಿಯಿತ್ತು; ಅದು ಅವರ ಮನೆಯಲ್ಲಿದ್ದ ಸ್ವಂತ ಪ್ರತಿ.

ಅವರಿಗೆ ಆಯುರಾರೋಗ್ಯಗಳು ತುಂಬಿರಲಿ. ಸ್ಟೂಲು ಬಿಟ್ಟು ಇನ್ನಾದರೂ ಕಿಟಕಿ ಪಕ್ಕದ ಮೇಜಿಗೆ ಬಂದು, ತಮಗಾಗಿ ಓದುತ್ತ ಬಹುಕಾಲ ನಮ್ಮೊಡನಿರಲಿ. ಆ ಹಕ್ಕಿಗಳ ಪುಸ್ತಕ ವಾಪಸ್ ಕೊಡಿ ಎಂದು ಕುಬ್ರಾ ಅವರಿಗೆ ಅವರು ಈವರೆಗೂ ಹೇಳಿಲ್ಲ.