ರೇಷನ್ ಕಾರ್ಡಿನ ಮೊದಲ ಹೆಸರು

ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಆ ಮೇಲ್ ಓದಿದಾಗ ನನಗೆ ಬಂದದ್ದು ಅಳುವಲ್ಲ, ನನ್ನ ಮೇಲೇ ಸಿಟ್ಟು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಮೆರಿಕದಲ್ಲಿ ಮಣ್ಣಿನ ವಿಜ್ಞಾನ ಓದುತ್ತಾ ಹಿಂದಿನ ವರ್ಷವಷ್ಟೇ ಅಲ್ಲಿನ ಲ್ಯಾಬಿನಲ್ಲಿ ಸಂಬಳಕ್ಕೆ ಸೇರಿದ್ದ ನಾನು, ರಜೆಗೆಂದು ಅರಕಲಗೂಡಿನ ಪಕ್ಕದ ನಮ್ಮೂರಿಗೆ ಬಂದಿದ್ದೆ. ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ ನನ್ನ ತೆರಿಗೆ ಫಾರಮ್ಮಿನ ಪ್ರತಿ ನೋಡಿ ಬರೆದಿದ್ದರು. ನಾನು ತುಂಬಿದ್ದು ಅಲ್ಲಿಯವರ ಫಾರಂ, ನನ್ನಂಥವರದ್ದೇ ಬೇರೆ. ಅವಲಂಬಿತರೆಂದು ಐದು ಜನರನ್ನು ತೋರಿಸಿ ತೆರಿಗೆ ಇಳಿಸಿಕೊಂಡಿದ್ದೂ ತಪ್ಪು. ಕಾರಣ ಬರೆದು, ವಾಪಸ್ ಹೋಗಲು ಬೇಕಾದ ಹೊಸ ವೀಸಾದ ಸಂದರ್ಶನಕ್ಕೆ ಮೊದಲೇ ತಿದ್ದಿ ಕಳಿಸಬೇಕು. ಸಂದರ್ಶನಕ್ಕೆ ಹದಿನೈದು ದಿನವೂ ಇರಲಿಲ್ಲ. ವೀಸಾ ಸಿಗದಿದ್ದರೆ ನಾಲ್ಕು ವರ್ಷದ ಓದು ನೀರುಪಾಲು.

ನಮ್ಮ ಕಡೆ ಯಾವ ಫಾರಂ ಕೊಟ್ಟರೂ ರೇಷನ್ ಕಾರ್ಡ್ ಎದುರಿಗಿಟ್ಟುಕೊಂಡು, ಅದರಲ್ಲಿರುವ ಹೆಸರುಗಳನ್ನು ಅದೇ ಸಾಲಿನಲ್ಲಿ ಇಳಿಸುವುದು ರೂಢಿ. ಸ್ಕಾಲರ್‌ಶಿಪ್ಪಿಗೂ, ಆದಾಯ ಸರ್ಟಿಫಿಕೇಟಿಗೂ ಹಾಗೇ ಮಾಡಿದ್ದೆ. ಅಮೆರಿಕಕ್ಕೂ ಕಾರ್ಡಿನ ಜೆರಾಕ್ಸ್ ಒಯ್ದಿದ್ದೆ. ಒಬ್ಬೊಬ್ಬರ ಗುರುತಿನ ನಂಬರ್ ಕೇಳಿದ ಕಡೆಯೆಲ್ಲ ಕಾರ್ಡಿನ ನಂಬರನ್ನೇ ಬರೆದಿದ್ದೆ. ಓದಿದ ಹೆಣ್ಣಿನ ಬುದ್ಧಿ!

ಅಜ್ಜಿ, ಅವ್ವ, ಇಬ್ಬರು ತಮ್ಮಂದಿರು, ಇವರದೆಲ್ಲ ಇರಲಿ. ಕಾರ್ಡಿನ ಮೊದಲ ಹೆಸರು ಅಪ್ಪನದು. ಅಪ್ಪ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಸತ್ತವರ ಸಕ್ಕರೆ, ಸೀಮೆಎಣ್ಣೆ ತಪ್ಪಬಾರದೆಂದು ಊರಿನಲ್ಲಿ ಯಾರೂ ಹೆಸರು ತೆಗೆಸುವುದಿಲ್ಲ. ಅವ್ವ ತೆಗೆಸದಿದ್ದುದು ಸಕ್ಕರೆಗಲ್ಲ ಎಂಬುದು ನನಗೆ ಗೊತ್ತಿತ್ತು. ಕೈ ತಪ್ಪಿ ಬರೆದೆ ಎಂದರೆ ಸುಳ್ಳಾಗುತ್ತದೆ. ಅಪ್ಪನನ್ನು ಬಿಟ್ಟು ಅವ್ವನಿಂದ ಶುರು ಮಾಡಲು ನನಗೆ ಮನಸ್ಸು ಬರಲಿಲ್ಲ, ಗೊತ್ತಿದ್ದೇ ಬರೆದೆ.

ಸತ್ತವನನ್ನು ಸಾಕುತ್ತಿದ್ದೇನೆಂದು ಒಂದು ಸರ್ಕಾರಕ್ಕೆ ಸಹಿ ಹಾಕಿ ಕೊಟ್ಟಿದ್ದೆ. ಜೈಲೇ ಗತಿ ಅನ್ನಿಸಿತು. ಹಾಸನದಲ್ಲಿ ತೆರಿಗೆ ಲೆಕ್ಕ ನೋಡುವ ಹಿರಿಯರೊಬ್ಬರ ಬಳಿ ಹೋಗಿ ಎಲ್ಲ ಹೇಳಿದೆ, ಅಪ್ಪನದೊಂದು ಬಿಟ್ಟು. ಹೊರಡುವಾಗ ತಡೆಯಲಾರದೆ ಅದನ್ನೂ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ದೇಶದ ಕಾನೂನು ನಂಗೆ ಗೊತ್ತಿಲ್ಲಮ್ಮ. ಒಂದು ಸುಳ್ಳಿನ ಮೇಲೆ ಇನ್ನೊಂದು ಮಾತ್ರ ಬರೀಬೇಡ."

ಆದರೂ ಅರಕಲಗೂಡಿನ ಬಸ್ಸಿನಲ್ಲಿ ಕೂತವಳು ಅಪ್ಪ ಸತ್ತ ವರ್ಷವನ್ನು ಮುಂದಕ್ಕೆ ತಳ್ಳುವ ಲೆಕ್ಕ ಹಾಕುತ್ತಿದ್ದೆ. ತೆರಿಗೆಯ ಲೆಕ್ಕದ ವರ್ಷದಲ್ಲೇ ಅಪ್ಪ ಹೋದರೆಂದು ಬರೆದರೆ ಯಾರು ಕೇಳುತ್ತಾರೆ? ಊರು ಹತ್ತಿರವಾದಂತೆ ನಾಚಿಕೆಯಾಗತೊಡಗಿತು.

ಅಪ್ಪನ ಮರಣ ಪ್ರಮಾಣ ಪತ್ರವನ್ನೂ ತಿದ್ದಿದ ಫಾರಮ್ಮಿನ ಜೊತೆಗಿಡಬೇಕು ಅನ್ನಿಸಿತು. ಅದು ಅವ್ವನ ಟ್ರಂಕಿನಲ್ಲಿ, ಕಾರ್ಡಿನೊಳಗೆ ಮಡಚಿಟ್ಟಿತ್ತು. ಹಾಗಾಗಿ ಹೇಳದೆ ವಿಧಿಯಿರಲಿಲ್ಲ. ಅವ್ವ ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಆ ಊರಿನವರ ಕಾಗದದಲ್ಲಿ ಅಪ್ಪನ ಹೆಸರು ಎಷ್ಟು ದಿನದಿಂದ ಇದೆ ಎಂದು ಕೇಳಿದಳು. ನಾಲ್ಕು ತಿಂಗಳು ಎಂದೆ. ಈಗ ಏನು ಮಾಡುತ್ತೀಯ ಎಂದಳು. ಹೊಡೆದು ಹಾಕಬೇಕು ಎಂದೆ. ಟ್ರಂಕು ತೆಗೆದು, ಮರಣ ಪತ್ರ ನನಗೆ ಕೊಟ್ಟು, ಕಾರ್ಡನ್ನು ತನ್ನ ಕೈಯಲ್ಲೇ ಇಟ್ಟುಕೊಂಡಳು.

"ಅಲ್ಲಿ ಬೇಕಾರೆ ಗೀಟಾಕು ಮಗ, ಸುಳ್ ಬರೀಬ್ಯಾಡ. ಈ ಕಾರ್ಡ್ ಮಾತ್ರ ಮುಟ್‌ಬ್ಯಾಡ ಕಣವ್ವ. ಇದೊಂದ್ರಲ್ಲಾದ್ರೂ ಇರ್ಲಿ."

ನಡುಮನೆಯಲ್ಲಿ ಕೂತು ತಿದ್ದುಪಡಿ ಫಾರಮ್ಮಿನ ಕಾರಣದ ಜಾಗದಲ್ಲಿ ಬರೆದೆ: ಈ ಲೆಕ್ಕದ ವರ್ಷಕ್ಕಿಂತ ಮೊದಲೇ ನನ್ನ ತಂದೆ ತೀರಿಕೊಂಡಿದ್ದಾರೆ, ಅದು ನನಗೆ ಗೊತ್ತಿತ್ತು, ನಮ್ಮ ಮನೆಯ ಕಾರ್ಡಿನಲ್ಲಿ ಅವರ ಹೆಸರೇ ಮೊದಲಿರುವುದರಿಂದ ಬರೆದೆ. ಮೂರು ಸಲ ಹರಿದೆ, ನಾಲ್ಕನೆಯದನ್ನು ಹಾಸನದಿಂದ ಕೊರಿಯರ್ ಮಾಡಿದೆ.

ವೀಸಾ ಸಿಕ್ಕಿತು. ಸಂದರ್ಶನದಲ್ಲಿ ತೆರಿಗೆಯ ಸುದ್ದಿಯೇ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ತೆರಿಗೆಯವರ ಕಾಗದ ಬಂತು. ತಿದ್ದಿದ್ದನ್ನು ಒಪ್ಪಿ, ಬಾಕಿ ಕಟ್ಟಲು ಹೇಳಿದ್ದರು. ಅಪ್ಪನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮುಂದಿನ ವರ್ಷ ವಿದೇಶಿಯರ ಫಾರಮ್ಮನ್ನೇ ತಂದು ತುಂಬಿದೆ. ಕಾಲೇಜಿನ ಅಧಿಕಾರಿ ನೋಡಿ ಒಂದೂ ತಪ್ಪಿಲ್ಲ ಎಂದರು. ಅದರಲ್ಲಿ ನನ್ನ ಹೆಸರೊಂದೇ ಇತ್ತು. ಅವರೆದುರೇ ಅತ್ತುಬಿಟ್ಟೆ.