ಕೆರೆಗೋಡು ಹೊಡೆದ ಹೊಲ

ರಾಗಿ ಮೊಳೆತು, ಹಳದಿಯಾಗಿ, ಮಲಗಿ ಸಾಯುವುದನ್ನು ನೀವು ದಿನವೂ ಬಗ್ಗಿ ಬಗ್ಗಿ ನೋಡಿದ್ದೀರಾ? ನಾನು ನೋಡಿದೆ. ಅದೂ ಹೊಲದಲ್ಲಲ್ಲ, ನನ್ನ ಕ್ಲಾಸ್ ರೂಮಿನ ಕಿಟಕಿಯಲ್ಲಿ, ಹಾಲಿನ ಪುಡಿಯ ಹಳೇ ಡಬ್ಬದಲ್ಲಿ. ಅವತ್ತಿನಿಂದ ಮನಸ್ಸು ಸರಿಯಿಲ್ಲ. ಈ ವಾರ ನಗುವಂಥದ್ದೇನಾದರೂ ಬರೆಯಿರಿ ಎಂದವರು ಕ್ಷಮಿಸಬೇಕು.

ನಿಮಗೆ ಗೊತ್ತೇ ಇದೆ, ನಾನು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಕೆ.ಜಿ.ಎಫ್.ಗೆ ಹೋಗಿ ಪಾಠ ಹೇಳುವ ಸೈನ್ಸ್ ಮೇಷ್ಟ್ರು. (ರೈಲು ತಡವಾದರೆ ಹೆಡ್‌ಮಾಸ್ಟರು ಬೈಯುವುದು ನನ್ನನ್ನು, ರೈಲನ್ನಲ್ಲ.) ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಈ ಸಲ ‘ಪ್ರಕೃತಿಯ ಸಮತೋಲನ’ ಅಂತ ಒಂದು ಪಾಠವಿದೆ. ಮನುಷ್ಯ ಕೈ ಹಾಕಿದರೆ ಕಾಡು, ನೀರು, ಮಣ್ಣು ಏನಾಗುತ್ತವೆ ಅನ್ನುವುದು ವಿಷಯ. ಒಳ್ಳೆಯ ಪಾಠವೇ. ಆದರೆ ಉದಾಹರಣೆಗಳೆಲ್ಲ ಪರದೇಶದವು. ಯಾವುದೋ ಮೊಲ, ಯಾವುದೋ ತೋಳ, ಹೆಸರು ಹೇಳಲು ನನಗೇ ನಾಲಿಗೆ ಹೊರಳದ ಒಂದು ನದಿ. ಮಕ್ಕಳು ಆಕಳಿಸದೆ ಇನ್ನೇನು ಮಾಡುತ್ತಾರೆ?

ಅದೇ ಹೊತ್ತಿಗೆ ಕಿಟಕಿಯಾಚೆ ಸೈನೈಡ್ ದಿಬ್ಬ ಕಾಣುತ್ತಿರುತ್ತದೆ. ಸೈನೈಡ್ ಬೆರೆಸಿ ಚಿನ್ನ ತೆಗೆದು ಉಳಿದ ಕಲ್ಲಿನ ಪುಡಿಯನ್ನು ಸುರಿದೂ ಸುರಿದೂ ಆದ ಗುಡ್ಡ ಅದು. ಆಷಾಢದ ಗಾಳಿ ಎದ್ದರೆ ಅದರ ಪುಡಿ ಬೋರ್ಡಿನ ಮೇಲೆ, ಮಕ್ಕಳ ರೆಪ್ಪೆಯ ಮೇಲೆ, ನನ್ನ ಮೊಸರನ್ನದ ಡಬ್ಬಿಯ ಒಳಗೆ. ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲಾದರೂ ಬೇಡವೇ? ನನಗೆ ರೇಗಿತು. ಪುಸ್ತಕ ಮುಚ್ಚಿದೆ.

“ನಾಳೆ ಎಲ್ಲರೂ ನಿಮ್ಮ ನಿಮ್ಮ ಕಡೆ ಮಣ್ಣು ತನ್ನಿ. ಒಂದೊಂದು ಡಬ್ಬಕ್ಕೆ ತುಂಬಿ ರಾಗಿ ಹಾಕೋಣ. ಯಾವ ಮಣ್ಣು ಏನು ಮಾಡುತ್ತೆ ಅಂತ ಕಣ್ಣಾರೆ ನೋಡಿ” ಅಂದೆ.

ಮಾರನೆಯ ದಿನ ಕ್ಲಾಸು ಸಂತೆಯಾಯಿತು. ಕೆಮ್ಮಣ್ಣು ಬಂತು, ತಿಪ್ಪೆ ಮಣ್ಣು ಬಂತು. ನಂದಿದುರ್ಗ ಗಣಿಯ ಕೆಲಸಗಾರರ ಲೈನ್ ಮನೆಗಳಿಂದ ಬರುವ ಸೆಲ್ವರಾಜ ದಿಬ್ಬದ ಪುಡಿಯನ್ನೇ ತಂದ. “ನಮ್ಮ ಕಡೆ ಇರೋದೇ ಇದು ಸಾರ್, ನಾನೇನ್ ಮಾಡ್ಲಿ?” ಅಂದ. ಅವನ ಅಪ್ಪನಿಗೆ ಗಣಿಯ ಕಲ್ಲು ಅರೆಯುವ ಮಿಲ್ಲಿನಲ್ಲಿ ಕೆಲಸ. (ತಮಿಳು ಮನೆಯ ಹುಡುಗ. ‘ಈ ಊರಲ್ಲಿ ಬದುಕೋಕೆ ಕನ್ನಡ ಬೇಕು’ ಅಂತ ಅಪ್ಪ ಹಟ ಹಿಡಿದು ನಮ್ಮ ಸೆಕ್ಷನ್ನಿಗೆ ಸೇರಿಸಿದ್ದಾನೆ.)

ಕೊನೆಗೆ ನಾಗರತ್ನ ಬಂದಳು. ದಿಬ್ಬದ ಆಚೆಗಿನ ಒಂದು ಹಳ್ಳಿಯ ರೈತರ ಮಗಳು. ಊರಿನ ಹೆಸರು ಬೇಡ, ಬಿಡಿ. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ನಮ್ದು ಕೆರೆಗೋಡು ಸಾ. ನೋಡ್ತಾ ಇರಿ, ನಂದೇ ಫಸ್ಟ್ ಬರೋದು” ಅಂದಳು. ಉಳಿದ ಹಳ್ಳಿ ಮಕ್ಕಳ ಮುಖ ಸಪ್ಪಗಾಯಿತು. ಕೆರೆಗೋಡಿನ ಎದುರು ತಿಪ್ಪೆ ಮಣ್ಣು ಎಲ್ಲಿ ನಿಲ್ಲುತ್ತೆ?

ಪೇಟೆಯ ಓದುಗರಿಗೆ ಹೇಳಿಬಿಡುತ್ತೇನೆ. ನಮ್ಮ ಸೀಮೆಯಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಊರಿನವರೆಲ್ಲ ಗಾಡಿ ಕಟ್ಟಿಕೊಂಡು ಇಳಿಯುತ್ತಾರೆ. ತಳದಲ್ಲಿ ಕೂತ ಹೂಳನ್ನು, ಅಂದರೆ ಗೋಡನ್ನು, ಅಗೆದು ಹೊಲಕ್ಕೆ ಹೊಡೆಯುತ್ತಾರೆ. ಮೊದಲ ದಿನ ಎತ್ತಿನ ಕೊಂಬಿಗೆ ಅರಿಶಿನ ಕುಂಕುಮ. ಒಳ್ಳೆಯ ಗೋಡು ಇರುವ ಜಾಗಕ್ಕೆ ಪೈಪೋಟಿ, ಜಗಳ, ಮಾತು ಬಿಡುವುದು, ಎಲ್ಲ ಉಂಟು. ಗೋಡು ಬಿದ್ದ ಹೊಲ ಅಂದರೆ ಆ ವರ್ಷದ ಮುದ್ದೆಗೆ ಚಿಂತೆಯಿಲ್ಲ.

ಎಲ್ಲ ಡಬ್ಬಕ್ಕೂ ಒಂದೇ ಹಿಡಿ ರಾಗಿ, ಒಂದೇ ನಲ್ಲಿಯ ನೀರು. ಕೆಮ್ಮಣ್ಣಿನಲ್ಲಿ ಮೊಳಕೆ ಬಂತು, ತಿಪ್ಪೆ ಮಣ್ಣಿನಲ್ಲಿ ಜೋರಾಗಿಯೇ ಬಂತು. ಸೆಲ್ವರಾಜನ ಡಬ್ಬ ಬೋಳು. ದಿಬ್ಬದ ಮೇಲೆ ಹುಲ್ಲೂ ಹುಟ್ಟದು, ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ನಾಗರತ್ನಳ ಡಬ್ಬದಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಎದ್ದಿತು. ಎದ್ದದ್ದು ಹಸಿರಾಗಲೇ ಇಲ್ಲ.

“ನೀರು ಜಾಸ್ತಿ ಆಗಿರ್ಬೇಕು” ಅಂದೆ. ನೀರು ಕಡಿಮೆ ಮಾಡಿದಳು. “ಬಿಸಿಲು ಸಾಲದು” ಅಂದೆ. ಬಿಸಿಲಿಗಿಟ್ಟಳು. ದಿನವೂ ಪ್ರೇಯರ್‌ಗೆ ಮುಂಚೆ ಬಂದು ಡಬ್ಬದ ಮೇಲೆ ಬಗ್ಗುವಳು. ಒಂದೊಂದೇ ಎಳೆ ಮಲಗಿತು. ಹುಡುಗರು ಛೇಡಿಸಲು ಶುರು ಮಾಡಿದರು. “ಏನೇ ರತ್ನಾ, ಫಸ್ಟ್ ಬಂತಾ?” ಅವಳು ಡಬ್ಬವನ್ನು ಇನ್ನಷ್ಟು ಬಿಸಿಲಿಗೆ ಸರಿಸಿದಳು.

ಕಂಡುಹಿಡಿದವನು ಸೆಲ್ವರಾಜ. ಮಣ್ಣು ಒಣಗಿದ ಮೇಲೆ ತನ್ನ ಡಬ್ಬವನ್ನು ಅವಳದರ ಪಕ್ಕ ಇಟ್ಟು ನನ್ನನ್ನು ಕರೆದ. “ಸಾರ್, ಎರಡೂ ಒಂದೇ ಬಣ್ಣ ಸಾರ್. ಇದು ನಮ್ಮ ಡಂಪ್ ಮಣ್ಣೇ. ಹೋದ ವರ್ಷ ದೊಡ್ಡ ಮಳೇಲಿ ದಿಬ್ಬ ಕುಸೀತಲ್ಲ ಸಾರ್, ಆ ಕಾಲುವೇಲಿ ಬಿಳೀ ನೀರು ಹೋಗಿದ್ದು ನಾನೇ ನೋಡ್ದೆ.”

ಆ ಕಾಲುವೆ ಹೋಗಿ ಬೀಳುವುದು ನಾಗರತ್ನಳ ಊರಿನ ಕೆರೆಗೆ.

ಹಿಂದಿನ ಬೆಂಚಿನ ಒಬ್ಬ “ಎಲ್ಲಾ ನಿಮ್ಮಪ್ಪನ ಕಡೆಯೋರು ಮಾಡಿದ್ದು ಕಣ್ಲಾ” ಅಂದ. ಸೆಲ್ವರಾಜ ಕೆರಳಿದ. “ನಮ್ಮಪ್ಪ ಏನ್ ಮಾಡ್ತಾರೆ? ಮಿಲ್ ನಿಂತ್ರೆ ನಮಗೆ ಊಟ ಇಲ್ಲ. ನಿಮ್ಮಕ್ಕನ ಮದುವೆಗೆ ಚಿನ್ನ ಬೇಡ ಅಂದ್ರಾ?” ಇಬ್ಬರನ್ನೂ ಗದರಿಸಿ ಕೂರಿಸಿದೆ. ಆದರೆ ಯಾರಿಗೆ ತಪ್ಪು ಅನ್ನಲಿ? ನನ್ನ ಹೆಂಡತಿಯ ಕೊರಳಲ್ಲೂ ಒಂದೆಳೆ ಇದೆಯಲ್ಲ.

ನಾಗರತ್ನ ಅಳಲಿಲ್ಲ. ಬೆಲ್ ಹೊಡೆದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಸಾ, ಬೇಸಿಗೇಲಿ ನಮ್ಮಪ್ಪ ಒಲದ ತುಂಬಾ ಅದೇ ಗೋಡು ಒಡೆದವ್ರೆ. ನಮಗಿರೋದು ಅದೊಂದೇ ಒಲ. ನಾನೇಳಿದ್ರೆ ನಂಬಲ್ಲ. ನೀವು ಬಂದು ಯೋಳಿ ಸಾ.”

ಶನಿವಾರ ಮಧ್ಯಾಹ್ನ ಅವಳ ಜೊತೆ ನಡೆದೆ. ಹಿಂದಿನ ದಿನ ಒಳ್ಳೆಯ ಹದ ಮಳೆಯಾಗಿತ್ತು. ದಾರಿಯುದ್ದಕ್ಕೂ ಬಿತ್ತನೆ. ಎಲ್ಲ ಹೊಲದಲ್ಲೂ ಜನ, ಎತ್ತು, ಕೂಗಾಟ. ಬೇರೆ ದಿನವಾಗಿದ್ದರೆ ನಾನೂ ನಿಂತು ಖುಷಿಪಡುತ್ತಿದ್ದೆ. ಅವತ್ತು ಬೇಗ ಬೇಗ ಹೆಜ್ಜೆ ಹಾಕಿದೆ.

ಅವಳ ಅಪ್ಪ ಮುನಿಸ್ವಾಮಪ್ಪ ಬೀಜದ ಪುಟ್ಟಿ ಬದುವಿನ ಮೇಲಿಟ್ಟು ಎತ್ತಿಗೆ ನೊಗ ಹೂಡುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು. “ಏನ್ ಸಾಮೀ, ಮೇಷ್ಟ್ರು ಒಲದ್ ತಂಕ ಬಂದ್ಬುಟ್ರಿ! ಉಡುಗಿ ಏನಾದ್ರೂ ತರ್ಲೆ ಮಾಡಿದ್ಲಾ?”

ಇಲ್ಲ ಅಂದೆ. ಗೋಡಿನ ಮಾತು ತೆಗೆದೆ. ಅವರ ಮುಖ ಅರಳಿತು. ನಾನು ಹೊಗಳಲು ಬಂದಿದ್ದೇನೆ ಅಂದುಕೊಂಡರು!

“ನೋಡಿ, ಎಂಗೈತೆ! ಕಲ್ಲಿಲ್ಲ, ಮಣ್ಣೆಂಟೆ ಇಲ್ಲ, ರಾಗಿ ಇಟ್ಟು ಇದ್ದಂಗೈತೆ. ಇಂಥ ಗೋಡು ನಮ್ಮ ತಾತನ ಕಾಲದಾಗೂ ಸಿಕ್ಕಿಲ್ಲ. ಕಾಲುವೆ ಬಾಯಾಗೆ ಮಾತ್ರ ಇತ್ತು. ಊರೆಲ್ಲಾ ಅದುಕ್ಕೇ ಬಿದ್ರು. ನಾನು ಕೋಳಿ ಕೂಗೋಕ್ ಮುಂಚೇನೇ ಗಾಡಿ ಕಟ್ಕಂಡೋಗಿ ಜಾಗ ಇಡ್ಕಂಡೆ. ಬ್ಯಾರೇರಿಗೆ ಸಿಕ್ಕಿದ್ದು ಕಟ್ಟೆ ಕಡೆ ಗಡುಸು ಮಣ್ಣು.”

ಸೋಮಾರಿಗಳೆಲ್ಲ ಪಾರಾಗಿದ್ದರು. ಊರಿನಲ್ಲೇ ಎಲ್ಲರಿಗಿಂತ ಮೈಮುರಿದು ದುಡಿಯುವ ಮನುಷ್ಯ ದಿಬ್ಬವನ್ನೇ ಗಾಡಿಗಟ್ಟಲೆ ಹೊತ್ತು ತಂದು, ಕೊಂಬಿಗೆ ಕುಂಕುಮ ಹಚ್ಚಿ, ತನ್ನ ಹೊಲಕ್ಕೆ ಸುರಿದುಕೊಂಡಿದ್ದ. ಇದು ಯಾವ ನ್ಯಾಯ ಸ್ವಾಮಿ?

ಹೇಳಿದೆ. ಡಬ್ಬದ ಕಥೆಯೆಲ್ಲ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಮಗಳ ಮುಖ ನೋಡಿದರು. ಆಮೇಲೆ ನಗಲಿಲ್ಲ.

“ಕೆರೆ ಮಣ್ಣು ಕೆಡ್ತದಾ ಸಾಮಿ?”

“ಮೇಲಿನ ಪದರ ಕೆರೆದು ತೆಗೆಸಿ” ಅಂದೆ.

“ಮೊದಲ್ನೇ ಮಳೆಗೇ ಉತ್ತಿವ್ನಿ, ಮತ್ತೆ ಅಡ್ಡಡ್ಡ ಉತ್ತಿವ್ನಿ. ಈಗ ಯಾವ್ದು ಮೇಲಿಂದು, ಯಾವ್ದು ಕೆಳಗಿಂದು? ನೀವು ಓದಿದೋರು, ಬ್ಯಾರೆ ಮಾಡ್ಕೊಡಿ.” ಕೋಪದಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದರು. ಮಣ್ಣು ಹೇಗೆ ಕೆಡುತ್ತದೆ ಎಂದು ಪಾಠ ಹೇಳಬಲ್ಲೆ. ಕೆಟ್ಟದ್ದನ್ನು ಸರಿಮಾಡುವ ಪಾಠ ನನ್ನ ಹತ್ತಿರ ಇರಲಿಲ್ಲ.

“ಈ ಸಲ ಬಿತ್ತನೆ ಬಿಟ್ಟುಬಿಡಿ. ಬೀಜನಾದರೂ ಉಳಿಯುತ್ತೆ” ಅಂದೆ, ಸಣ್ಣ ದನಿಯಲ್ಲಿ.

“ಮಳೆ ಬಂದೈತೆ. ಸುತ್ತ ನೋಡಿ, ಊರೆಲ್ಲಾ ಬಿತ್ತಾ ಐತೆ. ನಾನೊಬ್ನು ಬದುವಿನ್ ಮ್ಯಾಲೆ ಕೈ ಕಟ್ಕಂಡು ಕುಂತ್ಕಳ್ಳಾ?” ಬೀಜದ ಪುಟ್ಟಿ ಎತ್ತಿಕೊಂಡರು. ಒಂದು ಹೆಜ್ಜೆ ಇಟ್ಟು ನಿಂತರು. ನನ್ನ ಕಡೆ ತಿರುಗಲಿಲ್ಲ, ಮಗಳ ಕಡೆ ತಿರುಗಿದರು.

“ಓದೋಳು ನೀನು. ನೀನೇ ಯೋಳಮ್ಮಾ. ಬಿತ್ಲಾ, ಬ್ಯಾಡ್ವಾ?”

ಆ ಹುಡುಗಿ ಹೊಲ ನೋಡಿದಳು. ಅಪ್ಪನ ಕೈ ನೋಡಿದಳು. ಆ ಮಣ್ಣಿನಲ್ಲಿ ಏನಾಗುತ್ತದೆ ಎಂಬುದು ಆ ಇಡೀ ಊರಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವಳಿಗೆ.

“ಬಿತ್ತಪ್ಪಾ” ಅಂದಳು. “ಚೆನ್ನಾಗ್ ಬತ್ತೈತೆ.”

ಮಣ್ಣಿನ ಪಾಠ ಹೇಳಿಕೊಟ್ಟವನು ನಾನು. ಹದಿನಾರರ ಹುಡುಗಿಗೆ ಈ ಸುಳ್ಳನ್ನು ಹೇಳಿಕೊಟ್ಟವರು ಯಾರು?