ಆಂಟೆನಾ ಮಾವನ ಕೈಚಕ್ರ

ಓಣಿಯವರ ಬಾಯಲ್ಲಿ ಅವರು ಆಂಟೆನಾ ಮಾವ. ಆ ಹೆಸರು ಯಾರೂ ಇಟ್ಟದ್ದಲ್ಲ, ಬಡಾಯಿ ಕೊಚ್ಚಿ ಕೊಚ್ಚಿ ತಾವೇ ಗಿಟ್ಟಿಸಿದ್ದು. ಊರಾಚೆಯ ಟ್ರ್ಯಾಕಿಂಗ್ ಕೇಂದ್ರದಲ್ಲಿ ಅವರದು ಕೆಲಸ. ದೇಶಕ್ಕೆಲ್ಲ ಅಲ್ಲಿನದೊಂದೇ ಡಿಶ್ ಆಂಟೆನಾ ಇದ್ದ ಕಾಲದಲ್ಲಿ ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಒಳಗಿನಿಂದ ಎಂಜಿನಿಯರು ಫೋನಿನಲ್ಲಿ ಕೋನ ಹೇಳುತ್ತಿದ್ದರು. ಹೊರಗೆ ಮಾವ ಕಬ್ಬಿಣದ ಕೈಚಕ್ರ ತಿರುಗಿಸಿ ಡಿಶ್ಶನ್ನು ಅದರ ಹಿಂದೆಯೇ ಹೊರಳಿಸಬೇಕು. ಸ್ವಲ್ಪ ತಡವಾದರೂ ಸಿಗ್ನಲ್ ಕೈತಪ್ಪುತ್ತಿತ್ತು. ಇಷ್ಟಂತೂ ಸುಳ್ಳಲ್ಲ.

ಆದರೆ ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಹುಟ್ಟಿರುತ್ತಿತ್ತು. "ನಾನು ಕೈಬಿಟ್ರೆ ಉಪಗ್ರಹಕ್ಕೆ ಗತಿಯಿಲ್ಲ" ಎಂದು ಮೀಸೆ ತಿರುವುತ್ತಿದ್ದರು. ಭಾವಮೈದುನನ ಮದುವೆಗೆ ಹೋಗಲಿಲ್ಲ, ಮಗಳ ಶಾಲೆಯ ಪೋಷಕರ ಸಭೆಗೂ ಹೋಗಲಿಲ್ಲ, ಕೇಳಿದರೆ ಉಪಗ್ರಹ. ಸಭೆಗೆ ಹೋಗದಿದ್ದದ್ದು ಗಣಿತದ ಮೇಡಮ್ಮಿಗೆ ಹೆದರಿ ಎಂಬುದು ಅವರಿಗೊಬ್ಬರಿಗೇ ಗೊತ್ತು.

ಆಮೇಲೆ ಡಿಶ್ಶಿಗೆ ಮೋಟರು ಬಂತು. ದೇಶದ ನಾಲ್ಕು ಮೂಲೆಗೂ ಕೇಂದ್ರಗಳಾದವು. ಒಂದು ಕಡೆ ಮರೆಯಾದ ಉಪಗ್ರಹವನ್ನು ಇನ್ನೊಂದು ಕಡೆಯ ಡಿಶ್ ಹಿಡಿಯತೊಡಗಿತು. ಎಲ್ಲವನ್ನೂ ರಾಜಧಾನಿಯ ಒಂದು ಕೋಣೆಯಿಂದಲೇ ತಿರುಗಿಸುವ ಏರ್ಪಾಟಾಯಿತು. ಕೈಚಕ್ರಕ್ಕೆ ಬೀಗ ಬಿತ್ತು. ಮಾವನಿಗೆ ಉಳಿದದ್ದು ಗ್ರೀಸ್ ಹಚ್ಚುವುದು, ಗೂಡು ಕಟ್ಟಲು ಬರುವ ಪಾರಿವಾಳ ಓಡಿಸುವುದು. ಬಾಹ್ಯಾಕಾಶ ಸಾಧನೆಯಲ್ಲಿ ನನ್ನ ಪಾಲಿಗೆ ಪಾರಿವಾಳ ಬಂತಲ್ಲ ಎಂದು ಒಬ್ಬರೇ ನಗುತ್ತಿದ್ದರು. ಮನೆಯಲ್ಲಿ ಮಾತ್ರ ಅವರ ಮಾತಿನಲ್ಲಿ ಕೈಚಕ್ರ ಇನ್ನೂ ತಿರುಗುತ್ತಲೇ ಇತ್ತು. ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಬಟ್ಟೆ ಕೊಡಲು ಬಂದವರಿಗೆಲ್ಲ ಗಂಡನ ಕೆಲಸ ಹೇಳಿ ಹಿಗ್ಗುತ್ತಿದ್ದಳು. ಆ ಹಿಗ್ಗು ಇಳಿದುಹೋದರೆ ಯಾವ ಮುಖ ಹೊತ್ತು ಮನೆಗೆ ಬರುವುದು ಎಂಬುದೇ ಅವರ ಚಿಂತೆ.

ಅಂಥದ್ದರಲ್ಲಿ, ಸಿಬ್ಬಂದಿಯ ಮನೆಯವರಿಗೆ ಒಂದು ದಿನ ಕೇಂದ್ರ ತೋರಿಸುತ್ತೇವೆ ಎಂದು ಕೇಂದ್ರದವರು ಹೇಳಿದರು. ಮಾವ ಆವತ್ತೇ ಮೇಲಧಿಕಾರಿಯ ಬಳಿ ಹೋಗಿ, "ಸರ್, ಒಂದೇ ಒಂದ್ಸಲ ಚಕ್ರದ ಬೀಗ ತೆಗೀರಿ. ನಮ್ಮತ್ತೆ ಬರ್ತಿದ್ದಾರೆ" ಎಂದು ಗೋಗರೆದರು.

"ನಿಮ್ಮತ್ತೆಗೋಸ್ಕರ ಉಪಗ್ರಹ ಕಳ್ಕೊಳ್ಳಕ್ಕಾಗತ್ತೇನ್ರೀ?" ಎಂದು ಅವರು ಎದ್ದೇ ಹೋದರು.

ಆ ದಿನ ಅತ್ತೆ, ಹೆಂಡತಿ ಇಬ್ಬರೂ ಡಿಶ್ಶಿನ ಬುಡದಲ್ಲಿ ಕತ್ತೆತ್ತಿ ನಿಂತರು. ಸುಮ್ಮನಿರಬಾರದೇ ಈ ಮನುಷ್ಯ? "ಇದು ನಾನು ಮುಟ್ಟದೆ ಅಲ್ಲಾಡಲ್ಲ" ಎಂದು ಅಭ್ಯಾಸಬಲದಿಂದ ಹೇಳಿಯೇಬಿಟ್ಟರು. ಅವರು ಹೇಳುವುದಕ್ಕೂ ಡಿಶ್ ಗುರ್ರೆಂದು ತಾನಾಗಿ ಹೊರಳುವುದಕ್ಕೂ ಸರಿಹೋಯಿತು.

ಅತ್ತೆ ಡಿಶ್ಶನ್ನು ನೋಡಿದರು, ಅಳಿಯನನ್ನು ನೋಡಿದರು. "ಯಾರು ತಿರುಗಿಸ್ತಿರೋದು, ಅಳಿಯಂದ್ರೇ?"

"ರಾಜಧಾನಿಯವರು."

"ಮತ್ತೆ ನೀವು?"

"ಪಾರಿವಾಳ ಓಡಿಸ್ತೀನಿ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೆಂಡತಿ ನಗಲಿಲ್ಲ. ಗಂಡನನ್ನು ಸ್ವಲ್ಪ ಪಕ್ಕಕ್ಕೆ ಕರೆದಳು.

"ಮೊದಲು ನಿಜವಾಗ್ಲೂ ನಾನೇ ತಿರುಗಿಸ್ತಿದ್ದೆ ಕಣೇ" ಎಂದರು ಮಾವ ತಲೆ ತಗ್ಗಿಸಿ.

"ಗೊತ್ತು. ಚಕ್ರ ತಿರುಗ್ಸಿ ತಿರುಗ್ಸಿ ನಿಮ್ಮ ಬಲತೋಳು ದಪ್ಪ ಆಗಿತ್ತಲ್ಲ. ಅಂಗಿ ಹೊಲಿಯುವಾಗ ಆ ತೋಳಿಗೆ ಒಂಚೂರು ಬಟ್ಟೆ ಜಾಸ್ತಿ ಬಿಡ್ತಿದ್ದೆ."

"ಈಗ?"

"ಎರಡೂ ಒಂದೇ ಅಳತೆ. ಆಗ್ಲೇ ಎಷ್ಟೋ ವರ್ಷ ಆಯ್ತು."

ಮಾವ ತಲೆ ಎತ್ತಿದರು. "ಎಲ್ಲಾ ಗೊತ್ತಿದ್ದೂ ಬಂದೋರ ಮುಂದೆಲ್ಲ ಹೊಗಳ್ತಿದ್ಯಲ್ಲೇ?"

"ಇನ್ನೇನು ಮಾಡ್ಲಿ? ನಿಮ್ಮನ್ನ ಬಿಟ್ಕೊಡಕ್ಕೆ ಮನಸ್ಸು ಬರ್ಲಿಲ್ಲ" ಎಂದು ಆಕೆ ಅವರ ಅಂಗಿಯ ತೋಳಿಗೆ ಮೆತ್ತಿದ್ದ ಗ್ರೀಸನ್ನು ಒರೆಸತೊಡಗಿದಳು.